ಬಿಸಿಲು ಬಿದ್ದ ಟೆರೇಸು, ಬಣ್ಣದ ಚುಕ್ಕೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಚಿತ್ರಕಾರ ಪಾಲ್ ಸಿನ್ಯಾಕ್ 1898ರಲ್ಲಿ ಬಣ್ಣದ ಚುಕ್ಕೆಗಳಿಂದಲೇ ಬರೆದ ಟೆರೇಸಿನ ಚಿತ್ರವೊಂದಿದೆ. ಅದರ ಪ್ರಿಂಟನ್ನು ಯಾರಿಗೆ ತೋರಿಸಿದರೂ ಮೊದಲು ಬರುವ ಮಾತು, "ಅಬ್ಬಾ, ಎಷ್ಟು ತಾಳ್ಮೆ!" ತಾಳ್ಮೆ ಬೇಕು, ನಿಜ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಬಿಸಿಲನ್ನು ನೋಡಿದ ರೀತಿ. ಚಿತ್ರ ಕಲಿಯುವವರು, ಸುಮ್ನೆ ಚಿತ್ರ ನೋಡಲು ಇಷ್ಟಪಡುವವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಇದು ಯಾವ ಚಿತ್ರ? ಎಲ್ಲಿಯ ಟೆರೇಸು?

ಫ್ರಾನ್ಸಿನ ದಕ್ಷಿಣ ಕರಾವಳಿಯ ಸಾಂ ತ್ರೋಪೆ ಎಂಬ ಊರಿನದು. ಇವತ್ತು ಆ ಹೆಸರು ಕೇಳಿದರೆ ಐಷಾರಾಮಿ ಹಡಗುಗಳು, ಸಿನಿಮಾ ತಾರೆಯರು ನೆನಪಾಗುತ್ತಾರೆ. ಆಗ ಅದು ಮೀನುಗಾರರ ಸಣ್ಣ ಬಂದರು. ಪ್ಯಾರಿಸ್‌ನಲ್ಲಿ ಹುಟ್ಟಿದ ಸಿನ್ಯಾಕ್ (1863–1935) ಅವರಿಗೆ ಹಾಯಿದೋಣಿಯ ಹುಚ್ಚು. 1892ರಲ್ಲಿ ತಮ್ಮ ದೋಣಿಯಲ್ಲೇ ಅಲ್ಲಿಗೆ ಬಂದರು. ಊರು ಹಿಡಿಸಿಬಿಟ್ಟಿತು. 1897ರಲ್ಲಿ ಅಲ್ಲೇ 'ಲಾ ಯೂನ್' ಎಂಬ ಮನೆ ಕೊಂಡರು. ಮರುವರ್ಷ ಆ ಮನೆಯ ಟೆರೇಸನ್ನೇ ಬರೆದರು. ಇಂಗ್ಲಿಷಿನಲ್ಲಿ ಚಿತ್ರಕ್ಕೆ 'ಲೇಡಿ ಆನ್ ದ ಟೆರೇಸ್' ಎಂಬ ಹೆಸರಿದೆ. ಈಗ ಅದು ಐರ್ಲೆಂಡಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಡಬ್ಲಿನ್‌ನಲ್ಲಿ. ಚಿತ್ರದಲ್ಲಿರುವ ಹೆಂಗಸು ಅವರ ಹೆಂಡತಿ ಬೆರ್ತ್ ಇರಬೇಕು ಎನ್ನುತ್ತಾರೆ.

ಟೆರೇಸ್ ಅಂದ್ರೆ ಮನೆ ಮೇಲಿನ ತಾರಸಿನಾ?

ಅಲ್ಲ. ಇಳಿಜಾರಿನಲ್ಲಿರುವ ಮನೆಯ ಮುಂದೆ ನೆಲ ಸಮ ಮಾಡಿ, ಅಂಚಿಗೆ ಮೋಟುಗೋಡೆ ಕಟ್ಟಿಕೊಂಡ ಜಾಗ. ತೋಟದ್ದೇ ಒಂದು ಭಾಗ. ಮಲೆನಾಡಿನ ಮನೆಯ ಅಂಗಳ ನೆನೆಸಿಕೊಳ್ಳಿ, ಆಚೆ ಅಡಿಕೆ ತೋಟದ ಬದಲು ಸಮುದ್ರ.

ಬಣ್ಣ ಕಲಸಿ ಬಳಿಯುವುದು ಬಿಟ್ಟು ಚುಕ್ಕೆ ಯಾಕೆ?

ಇದೇ ಮುಖ್ಯ ಪ್ರಶ್ನೆ. ಸ್ವಲ್ಪ ವಿವರವಾಗಿ ಹೇಳಬೇಕು.

ತಟ್ಟೆಯಲ್ಲಿ ಕಿತ್ತಳೆಗೆ ನೀಲಿ ಸೇರಿಸಿ ಕಲಸಿ ನೋಡಿ. ಕೆಸರಿನ ಬಣ್ಣ ಬರುತ್ತದೆ. ಪ್ರತಿ ಬಣ್ಣದ ಪುಡಿಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ನುಂಗುತ್ತದೆ. ಎರಡು ಪುಡಿ ಸೇರಿದರೆ ಎರಡೂ ನುಂಗುತ್ತವೆ. ಉಳಿಯುವ ಬೆಳಕು ಕಡಿಮೆ, ಹಾಗಾಗಿ ಬಣ್ಣ ಮಂಕು. ಅದೇ ಎರಡು ಬಣ್ಣವನ್ನು ಕಲಸದೆ ಅಕ್ಕಪಕ್ಕ ಇಟ್ಟರೆ ಎರಡೂ ತಮ್ಮ ತಮ್ಮ ಕಳೆ ಉಳಿಸಿಕೊಳ್ಳುತ್ತವೆ.

ಇದು ಅರ್ಧ ಕಾರಣ. ಉಳಿದರ್ಧ ನೋಡುವ ಕ್ರಮಕ್ಕೆ ಸೇರಿದ್ದು. ಬಿಸಿಲಿನಲ್ಲಿರುವ ಗೋಡೆಯ ಒಂದು ಅಂಗೈ ಅಗಲದ ಜಾಗ ತೆಗೆದುಕೊಳ್ಳಿ. ಅಲ್ಲಿ ಗೋಡೆಯ ಸ್ವಂತ ಬಣ್ಣ ಇದೆ. ಬಿಸಿಲಿನ ಹಳದಿ-ಕಿತ್ತಳೆ ಇದೆ. ಆಕಾಶದಿಂದ ಬಂದ ನೀಲಿ ಇದೆ. ಪಕ್ಕದ ಗಿಡದಿಂದಲೋ ನೆಲದಿಂದಲೋ ತಿರುಗಿ ಬಂದ ಬೆಳಕು ಇದೆ. ಸಾಮಾನ್ಯವಾಗಿ ಚಿತ್ರಕಾರರು ಇವೆಲ್ಲವನ್ನೂ ಮನಸ್ಸಿನಲ್ಲೇ ಕೂಡಿಸಿ, ಒಂದು ಬಣ್ಣ ಮಾಡಿ ಬಳಿಯುತ್ತಾರೆ. ಸಿನ್ಯಾಕ್ ಮತ್ತು ಅವರ ಗೆಳೆಯರು ಕೂಡಿಸಲಿಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿ, ಎಷ್ಟು ಬೇಕೋ ಅಷ್ಟು ಇಟ್ಟರು. ನೋಡುವವರ ಕಣ್ಣು ಕೂಡಿಸಿಕೊಳ್ಳಲಿ ಎಂದು ಬಿಟ್ಟರು.

ಹಳದಿ ಚುಕ್ಕೆ, ನೀಲಿ ಚುಕ್ಕೆ ಸೇರಿ ದೂರದಿಂದ ಹಸಿರಾಗಿ ಕಾಣುತ್ತೆ ಅಂತಾರೆ. ಹೌದಾ?

ಇಲ್ಲ. ಎಷ್ಟೋ ಕಡೆ ಹೀಗೆ ಬರೆದಿರುತ್ತಾರೆ, ಮಕ್ಕಳಿಗೂ ಹೀಗೇ ಹೇಳಿಕೊಡುತ್ತಾರೆ. ಹಳದಿ ಮತ್ತು ನೀಲಿ ಪೇಂಟನ್ನು ಕಲಸಿದರೆ ಹಸಿರು ಬರುತ್ತದೆ. ಚುಕ್ಕೆಯಾಗಿ ಇಟ್ಟು ದೂರ ಹೋದರೆ ಬರುವುದು ಬೂದಿ ಬಣ್ಣ. ಕಣ್ಣು ಎರಡು ಬೆಳಕಿನ ಸರಾಸರಿ ತೆಗೆಯುತ್ತದೆ, ಪೇಂಟು ಕಲಸಿದ ಹಾಗೆ ಮಾಡುವುದಿಲ್ಲ. ಬೇಕಾದರೆ ಒಂದು ಕಾಗದದಲ್ಲಿ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ಹಾಗಾದರೆ ಹುಲ್ಲು ಹೇಗೆ ಬರೆದರು? ಹಸಿರಿನಿಂದಲೇ. ಸಿನ್ಯಾಕ್ ಅವರ ಗೆಳೆಯ, ಚಿತ್ರಕಾರ ಜಾರ್ಜ್ ಸ್ಯೂರಾ ಅವರ ಪ್ರಸಿದ್ಧ 'ಗ್ರಾಂಡ್ ಜಾಟ್' ಚಿತ್ರದಲ್ಲಿ ಹುಲ್ಲಿಗೆ ಮೊದಲು ಹಸಿರು ಬಿದ್ದಿದೆ. ಅದರ ಮೇಲೆ ಬಿಸಿಲಿಗಾಗಿ ಕಿತ್ತಳೆ ಮತ್ತು ಹಳದಿ, ನೆರಳಿಗಾಗಿ ನೀಲಿ.

ಇದರಲ್ಲಿ ವಿಜ್ಞಾನ ಎಷ್ಟು, ನಂಬಿಕೆ ಎಷ್ಟು?

ಎರಡೂ ಇವೆ. ಇದರ ಮೂಲ ಒಂದು ಕಾರ್ಖಾನೆಯಲ್ಲಿದೆ. ಪ್ಯಾರಿಸ್‌ನ ಗೊಬೆಲಾಂ ಎಂಬ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದವರು ರಸಾಯನ ವಿಜ್ಞಾನಿ ಶೆವ್ರೂಲ್. ಅಲ್ಲಿಯ ಕಪ್ಪು ನೂಲಿಗೆ ಗಾಢತೆ ಸಾಲದು ಎಂಬ ದೂರು ಬಂತು. ಶೆವ್ರೂಲ್ ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು! ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನು ನಮ್ಮ ಕಣ್ಣಿನಲ್ಲಿ ಬದಲಿಸುತ್ತದೆ ಎಂದು ಅವರು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಕೆಂಪಿನ ಪಕ್ಕ ಹಸಿರು ಜಾಸ್ತಿ ಹಸಿರಾಗುತ್ತದೆ. ಕಿತ್ತಳೆಯ ಪಕ್ಕ ನೀಲಿ, ಹಳದಿಯ ಪಕ್ಕ ನೇರಳೆ, ಹೀಗೆ. ಸ್ಯೂರಾ, ಸಿನ್ಯಾಕ್ ಇದನ್ನೆಲ್ಲ ಶ್ರದ್ಧೆಯಿಂದ ಓದಿಕೊಂಡರು. ಅಮೆರಿಕದ ಭೌತವಿಜ್ಞಾನಿ ಓಗ್ಡನ್ ರೂಡ್ 1879ರಲ್ಲಿ ಬರೆದ ಬಣ್ಣದ ಪುಸ್ತಕವನ್ನೂ ಓದಿದರು.

ಪಕ್ಕದ ಬಣ್ಣದ ಪ್ರಭಾವ ಪೂರ್ತಿ ನಿಜ, ಇವತ್ತಿಗೂ. ಚುಕ್ಕೆ ಇಟ್ಟರೆ ಚಿತ್ರಕ್ಕೆ ನಿಜವಾದ ಬೆಳಕಿನಷ್ಟೇ ಪ್ರಕಾಶ ಬರುತ್ತದೆ ಎಂಬ ಆಸೆ ಮಾತ್ರ ಜಾಸ್ತಿಯಾಯಿತು. ಚುಕ್ಕೆಗಳ ಸರಾಸರಿಗಿಂತ ಹೆಚ್ಚು ಬೆಳಕು ಕ್ಯಾನ್ವಾಸಿನಿಂದ ಬರಲು ಸಾಧ್ಯವಿಲ್ಲ.

ಎಷ್ಟು ದೂರ ನಿಂತು ನೋಡಬೇಕು?

ಲೆಕ್ಕ ಸುಲಭ. ಚೆನ್ನಾಗಿರುವ ಕಣ್ಣಿಗೆ 1 ಮಿಲಿಮೀಟರ್ ಚುಕ್ಕೆಗಳು ಸುಮಾರು ಮೂರೂವರೆ ಮೀಟರ್ ದೂರದಲ್ಲಿ ಒಂದರೊಳಗೊಂದು ಕಲೆಯುತ್ತವೆ. ಚುಕ್ಕೆ 5 ಮಿಲಿಮೀಟರ್ ಇದ್ದರೆ 17 ಮೀಟರ್ ಬೇಕು. ಅಷ್ಟು ದೂರ ಹೋಗಲು ಗ್ಯಾಲರಿಯ ಕೋಣೆಯೇ ಸಾಲುವುದಿಲ್ಲ. ಹೋದರೂ ಚಿತ್ರ ಅಂಚೆ ಚೀಟಿಯಷ್ಟು ಕಾಣುತ್ತದೆ.

ಅಂದರೆ ನಾವು ನಿಲ್ಲುವ ಜಾಗದಿಂದ ಚುಕ್ಕೆಗಳು ಪೂರ್ತಿ ಕಲೆಯುವುದೂ ಇಲ್ಲ, ಪೂರ್ತಿ ಬಿಡಿಯಾಗಿಯೂ ಇರುವುದಿಲ್ಲ. ಕಣ್ಣು ಕೂಡಿಸಲು ನೋಡುತ್ತದೆ, ಆಗುವುದಿಲ್ಲ, ಮತ್ತೆ ನೋಡುತ್ತದೆ. ಚಿತ್ರ ಮಿನುಗುವಂತೆ ಅನ್ನಿಸುವುದು ಇದರಿಂದಲೇ. ಮಧ್ಯಾಹ್ನದ ಬಿಸಿಲಲ್ಲಿ ಗೋಡೆ ನೋಡಿದಾಗ ಕಣ್ಣಿಗೆ ಒಂದು ಅದುರು ಇರುತ್ತದಲ್ಲ, ಅದು ಈ ಚಿತ್ರಗಳಲ್ಲಿ ಸಿಗುತ್ತದೆ. ಫೋಟೋ ಥರ ನುಣ್ಣಗೆ ಕಾಣಲಿ ಎಂದು ಬಯಸುವವರಿಗೆ ಇಲ್ಲಿ ನಿರಾಶೆ. ನನಗಂತೂ ಆ ಅದುರೇ ಈ ಚಿತ್ರಗಳ ಜೀವ.

ಚಿತ್ರಕಾರ ಕಮಿಲ್ ಪಿಸ್ಸಾರೋ ಒಂದು ಅಳತೆ ಹೇಳಿದ್ದರು: ಚಿತ್ರದ ಮೂಲೆಯಿಂದ ಮೂಲೆಗಿರುವ ಉದ್ದದ ಮೂರು ಪಟ್ಟು ದೂರ. ಮೂಲೆಯಿಂದ ಮೂಲೆಗೆ 1 ಮೀಟರ್ ಇದ್ದರೆ 3 ಮೀಟರ್ ಹಿಂದೆ ನಿಲ್ಲಿ. ಆಮೇಲೆ ಹತ್ತಿರ ಹೋಗಿ, ಮತ್ತೆ ಹಿಂದೆ ಬನ್ನಿ. ಒಂದೇ ಕಡೆ ನಿಂತು ನೋಡುವ ಚಿತ್ರ ಇದಲ್ಲ.

ನೆರಳು ಯಾಕೆ ನೇರಳೆ, ನೀಲಿ? ನೆರಳು ಕಪ್ಪಗೆ ಇರಬೇಕಲ್ವಾ?

ಎದ್ದು ಹೊರಗೆ ಹೋಗಿ ನೋಡಿ. ಬೆಳಗ್ಗೆ ಎಂಟು, ಎಂಟೂವರೆ ಒಳ್ಳೆಯ ಹೊತ್ತು. ಸುಣ್ಣ ಬಳಿದ ಮೋಟುಗೋಡೆಯ ಮುಂದೆ ಒಂದು ಹೂಕುಂಡ ಇಡಿ. ಕುಂಡದ ನೆರಳು ಗೋಡೆ ಮೇಲೆ ಬೀಳುತ್ತದೆ. ಆ ನೆರಳಿಗೆ ಸೂರ್ಯನ ಬೆಳಕು ತಲುಪುವುದಿಲ್ಲ, ಆದರೆ ಆಕಾಶದ ಬೆಳಕು ತಲುಪುತ್ತದೆ. ಆಕಾಶ ನೀಲಿ. ಹಾಗಾಗಿ ನೆರಳಿಗೂ ನೀಲಿ ಛಾಯೆ. ಸುತ್ತ ಬಿಸಿಲಿನ ಹಳದಿ ಇರುವುದರಿಂದ ನಮ್ಮ ಕಣ್ಣು ಅದನ್ನು ಇನ್ನೂ ಸ್ವಲ್ಪ ನೇರಳೆಯ ಕಡೆ ಎಳೆಯುತ್ತದೆ. ಶೆವ್ರೂಲ್ ಹೇಳಿದ್ದು ಇದನ್ನೇ.

ಈಗ ನೆರಳಿನ ಕೆಳಭಾಗ ನೋಡಿ, ಗೋಡೆ ನೆಲಕ್ಕೆ ತಾಗುವ ಕಡೆ. ನೆಲ ರೆಡ್ ಆಕ್ಸೈಡ್ ಆಗಿದ್ದರೆ ಅಲ್ಲಿ ನೆರಳು ನೀಲಿಯಲ್ಲ, ಕೆಂಪು ಮಿಶ್ರಿತ. ನೆಲದಿಂದ ಬಿಸಿಲು ಪುಟಿದು ಮೇಲೆ ಬಂದಿರುತ್ತದೆ. ಒಂದೇ ನೆರಳು, ಮೇಲೆ ತಂಪು, ಕೆಳಗೆ ಬಿಸಿ. ನೆರಳಿನ ಅಂಚಿನಲ್ಲಿ ಬಿಸಿಲು ಸುತ್ತಲಿಗಿಂತ ತುಸು ಹೆಚ್ಚು ಬೆಳ್ಳಗೆ ಕಾಣುತ್ತದೆ, ಅದೂ ಕಣ್ಣಿನ ಕೆಲಸ. ಇಷ್ಟು ನೋಡಿದ ಮೇಲೆ ಸಿನ್ಯಾಕ್ ಅವರ ಯಾವುದೇ ಟೆರೇಸು, ಯಾವುದೇ ಬಂದರಿನ ಗೋಡೆ ನೋಡಿ. ಅವರು ಬಣ್ಣಗಳನ್ನು ಸುಮ್ನೆ ಚೆಂದಕ್ಕೆ ಇಟ್ಟದ್ದಲ್ಲ ಎಂದು ಗೊತ್ತಾಗುತ್ತದೆ.

ಅಷ್ಟು ಬಿಸಿಲಿನಲ್ಲಿ ಕೂತು ಬರೆದರಾ?

ಇಲ್ಲ. ಸಾಂ ತ್ರೋಪೆಗೆ ಬಂದ ಮೇಲೆ ಸಿನ್ಯಾಕ್ ಹೊರಗೆ ಜಲವರ್ಣದಲ್ಲಿ ಚಿಕ್ಕ ಚಿಕ್ಕ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ದೊಡ್ಡ ತೈಲವರ್ಣ ಎಲ್ಲ ಒಳಗೆ, ಸ್ಟುಡಿಯೋದಲ್ಲಿ. ಮೋನೆ ಥರದ ಚಿತ್ರಕಾರರು ಬಿಸಿಲು ಬದಲಾಗುವ ಮೊದಲು ಹಿಡಿಯಬೇಕೆಂದು ಹೊರಗೇ ಓಡುತ್ತಿದ್ದರು. ಚುಕ್ಕೆಯ ಚಿತ್ರಕ್ಕೆ ಆ ಅವಸರ ಒಗ್ಗುವುದಿಲ್ಲ.

ಇನ್ನೊಂದು ಸ್ವಾರಸ್ಯ ಇದೆ. ದಕ್ಷಿಣದ ಬಿಸಿಲಿನಲ್ಲಿ ಬಣ್ಣವೇ ಉಳಿಯುವುದಿಲ್ಲ, ಎಲ್ಲ ಕಡೆಯಿಂದ ಪುಟಿಯುವ ಬೆಳಕು ವಸ್ತುಗಳ ಬಣ್ಣವನ್ನೆಲ್ಲ ತಿಂದುಬಿಡುತ್ತದೆ ಎಂದು ಸಿನ್ಯಾಕ್ ತಮ್ಮ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಳ್ಳಾರಿಯಲ್ಲೋ ಕಲಬುರಗಿಯಲ್ಲೋ ನಿಂತವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಬಿಳಿಚಿಕೊಂಡಿರುತ್ತದೆ. ಅದನ್ನು ಇದ್ದ ಹಾಗೇ ಬರೆದರೆ ಚಿತ್ರವೂ ಬಿಳಿಚಿಕೊಳ್ಳುತ್ತದೆ, ಬಿಸಿಲು ಮಾತ್ರ ಬರುವುದಿಲ್ಲ. ಆದ್ದರಿಂದ ಸಿನ್ಯಾಕ್ ಕಂಡ ಬಣ್ಣವನ್ನು ಹಾಗೇ ನಕಲು ಮಾಡುವುದು ಬಿಟ್ಟರು. ಬಿಸಿಲಿಗೂ ನೆರಳಿಗೂ ಇರುವ ಸಂಬಂಧವನ್ನು ಹಿಡಿದು, ಬಣ್ಣವನ್ನು ತಾವೇ ಕಟ್ಟಿದರು. ಬಿಸಿಲಿನ ಊರಿನಲ್ಲಿ ಚಿತ್ರ ಬರೆಯುವ ನಮಗೆಲ್ಲ ಇದು ಬಹಳ ಬೆಲೆಬಾಳುವ ಪಾಠ ಎಂದು ನನಗನ್ನಿಸುತ್ತದೆ.

ಪಾಯಿಂಟಿಲಿಸಂ, ಡಿವಿಜನಿಸಂ, ನಿಯೋ ಇಂಪ್ರೆಷನಿಸಂ: ಮೂರೂ ಒಂದೇನಾ?

ಮೂರೂ ಅದೇ ಗುಂಪಿನ ಬಗ್ಗೆಯೇ. ಮೊದಲನೆಯದು ಚುಕ್ಕೆ ಇಡುವುದಕ್ಕೆ, ಎರಡನೆಯದು ಬಣ್ಣ ಬಿಡಿಸಿ ಇಡುವುದಕ್ಕೆ, ಮೂರನೆಯದು ಚಳವಳಿಗೆ. ಮೂರನೆಯ ಹೆಸರು ಕೊಟ್ಟವರು ವಿಮರ್ಶಕ ಫೆನಿಯೋನ್, 1886ರಲ್ಲಿ. ಸಿನ್ಯಾಕ್ ಅವರಿಗೆ ಮೊದಲನೆಯದು ಸ್ವಲ್ಪವೂ ಇಷ್ಟವಿರಲಿಲ್ಲ. ನಾವು ಮಾಡುವುದು ಬಣ್ಣದ ವಿಂಗಡಣೆ, ಚುಕ್ಕೆ ಇಡುವುದಲ್ಲ ಎಂದು 1899ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದರು. ಹೆಸರು ಮಾತ್ರ ಚುಕ್ಕೆಯದೇ ಉಳಿಯಿತು.

ಇದನ್ನು ಶುರು ಮಾಡಿದ್ದು ಸ್ಯೂರಾ ಅಲ್ವಾ? ಸಿನ್ಯಾಕ್ ಮಾಡಿದ್ದೇನು?

ಹೌದು, ಶುರು ಮಾಡಿದ್ದು ಸ್ಯೂರಾ. ಇಬ್ಬರೂ ಭೇಟಿಯಾದದ್ದು 1884ರಲ್ಲಿ. ಸ್ಯೂರಾ 1891ರಲ್ಲಿ, ಬರೀ 31ನೇ ವಯಸ್ಸಿಗೆ ತೀರಿಕೊಂಡರು. ಸಿನ್ಯಾಕ್ ಅದಾದ ಮೇಲೆ 44 ವರ್ಷ ಬದುಕಿದರು. ಗೆಳೆಯನ ಕೆಲಸವನ್ನು ಬರೆದು, ವಿವರಿಸಿ, ಪ್ರದರ್ಶನ ಏರ್ಪಡಿಸಿ ಉಳಿಸಿದವರು ಅವರೇ. ಶೈಲಿಯೂ ಅವರ ಕೈಯಲ್ಲಿ ಬದಲಾಯಿತು. ಸ್ಯೂರಾ ಅವರ ಚುಕ್ಕೆ ಚಿಕ್ಕದು, ಮನುಷ್ಯರು ಗೊಂಬೆಗಳಂತೆ ಅಲುಗದೆ ನಿಂತಿರುತ್ತಾರೆ. ಸಿನ್ಯಾಕ್ ಅವರ ಗುರುತುಗಳು ಬರಬರುತ್ತಾ ದೊಡ್ಡವಾಗಿ, ಚೌಕವಾಗಿ, ಮೊಸಾಯಿಕ್ ತುಂಡುಗಳ ಹಾಗಾದವು. ಅಲ್ಲೇ ಹತ್ತಿರದ ಸಾಂ ಕ್ಲೇರ್‌ನಲ್ಲಿದ್ದ ಗೆಳೆಯ ಆಂರಿ ಎಡ್ಮಂಡ್ ಕ್ರಾಸ್ ಕೂಡ ಅದೇ ದಾರಿ ಹಿಡಿದರು.

ನೂರಿಪ್ಪತ್ತು ವರ್ಷ ಆಯ್ತಲ್ಲ, ಬಣ್ಣ ಮಾಸಿಲ್ವಾ?

ಕೆಲವು ಮಾಸಿವೆ. 'ಗ್ರಾಂಡ್ ಜಾಟ್'ನ ಕಥೆ ನೋವಿನದು. ಸ್ಯೂರಾ ಬಿಸಿಲು ಬಿದ್ದ ಹುಲ್ಲಿಗೆ ಝಿಂಕ್ ಯೆಲ್ಲೋ ಎಂಬ ಆಗಿನ ಕಾಲದ ಹೊಸ ಹಳದಿ ಬಳಸಿದ್ದರು. ಅದು ಕಂದು ಬಣ್ಣಕ್ಕೆ ತಿರುಗಿತು. ಬಿಸಿಲಿಗೆಂದು ಇಟ್ಟ ಚುಕ್ಕೆಗಳೇ ಮಂಕಾದವು. ಬಹಳ ಬೇಗ ಹೀಗಾಯಿತು. 1892ರ ಹೊತ್ತಿಗೇ ಫೆನಿಯೋನ್ ಚಿತ್ರದ ಕಳೆ ಹೋಗಿದೆ ಎಂದು ಬರೆದರು. ನಾವು ಇವತ್ತು ಷಿಕಾಗೋದಲ್ಲಿ ನೋಡುವ ಹುಲ್ಲು ಸ್ಯೂರಾ ಕಣ್ಣಿಗೆ ಕಂಡಿದ್ದ ಹುಲ್ಲಲ್ಲ. ಸಿನ್ಯಾಕ್ ಅವರ ಬಣ್ಣದ ಹಲಗೆಯಲ್ಲಿ ಕ್ಯಾಡ್ಮಿಯಂ ಹಳದಿಗಳಿಗೆ ಜಾಗ ಜಾಸ್ತಿ, ಅವು ಝಿಂಕ್ ಯೆಲ್ಲೋಗಿಂತ ಗಟ್ಟಿ.

ಬಡವರ ಕಷ್ಟದ ಕಾಲದಲ್ಲಿ ಶ್ರೀಮಂತರ ಟೆರೇಸ್ ಬರೆದು ಕೂತರಲ್ಲ?

ಸಿನ್ಯಾಕ್ ಕುದುರೆ ಜೀನಿನ ವ್ಯಾಪಾರದ ಅನುಕೂಲಸ್ಥ ಮನೆಯವರು, ನಿಜ. ಆದರೆ ಅವರು ಅರಾಜಕತಾವಾದಿ. ಆಳುವವರು, ಆಳಿಸಿಕೊಳ್ಳುವವರು ಎಂಬ ಭೇದ ಇಲ್ಲದ ಸಮಾಜ ಬರುತ್ತದೆಂದು ನಂಬಿದವರು. 1893ರಿಂದ 95ರವರೆಗೆ ಅವರು ಬರೆದ ಅತಿ ದೊಡ್ಡ ಚಿತ್ರ 'ಸಾಮರಸ್ಯದ ಕಾಲದಲ್ಲಿ'. ಕಡಲ ಪಕ್ಕದ ತೋಟದಲ್ಲಿ ಜನ ಹಣ್ಣು ಕೀಳುತ್ತಾರೆ, ಆಡುತ್ತಾರೆ, ಓದುತ್ತಾರೆ. ಮೊದಲು ಅದಕ್ಕೆ 'ಅರಾಜಕತೆಯ ಕಾಲದಲ್ಲಿ' ಎಂದೇ ಹೆಸರಿಡಲು ಹೊರಟಿದ್ದರು. ಸುವರ್ಣಯುಗ ಹಿಂದೆ ಆಗಿಹೋದದ್ದಲ್ಲ, ಮುಂದೆ ಬರಬೇಕಾದದ್ದು ಎಂಬುದು ಅದರ ಅಡಿಬರಹ. ಆ ಚಿತ್ರ ಇರುವುದು ಪ್ಯಾರಿಸ್ ಪಕ್ಕದ ಮೊಂತ್ರೇಯಿ ಊರಿನ ಪುರಭವನದಲ್ಲಿ. ಬೆರ್ತ್ ಅವರೇ ಕೊಟ್ಟದ್ದು. ಬಿಸಿಲು, ಬಿಡುವು, ಹೂವು ಎಲ್ಲರಿಗೂ ಸಿಗಬೇಕು ಎನ್ನುವವರ ಟೆರೇಸನ್ನು ನಾನು ಬರೀ ಶ್ರೀಮಂತಿಕೆಯ ಚಿತ್ರ ಎಂದು ನೋಡಲಾರೆ.

ಮತೀಸ್ ಕೂಡ ಇದೇ ಟೆರೇಸ್ ಬರೆದಿದ್ದಾರಂತೆ?

ಅದು ಬೇರೆ ಟೆರೇಸು. 1904ರ ಬೇಸಿಗೆಯಲ್ಲಿ ಚಿತ್ರಕಾರ ಆಂರಿ ಮತೀಸ್ ಸಿನ್ಯಾಕ್ ಜೊತೆಗಿರಲೆಂದು ಸಾಂ ತ್ರೋಪೆಗೆ ಬಂದರು. ಸಿನ್ಯಾಕ್ ದೋಣಿ ಇಡುತ್ತಿದ್ದ ಮನೆಯ ಟೆರೇಸನ್ನು ಬರೆದರು. ಮತೀಸ್ ಹೆಂಡತಿ ಜಪಾನಿ ಕಿಮೋನೋ ಹಾಕಿಕೊಂಡು ಹೊಲಿಯುತ್ತಿದ್ದಾರೆ. ಅದರಲ್ಲಿ ಚುಕ್ಕೆ ಇಲ್ಲ, ಅಗಲ ಅಗಲ ಕುಂಚದ ಎಳೆತ. ಈಗ ಬಾಸ್ಟನ್‌ನ ಗಾರ್ಡ್‌ನರ್ ಮ್ಯೂಸಿಯಂನಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ: ಒಂದೇ ಊರು, ಒಂದೇ ಬಿಸಿಲು, ಹಿಡಿದ ದಾರಿ ಎಷ್ಟು ಬೇರೆ!

ಈಗ ಎಲ್ಲ ಕಡೆ ಕಾಣುವ ಡಾಟ್ ಮಂಡಲ ಇದೇನಾ?

ಅಲ್ಲ. ಅದರಲ್ಲಿ ಚುಕ್ಕೆ ಅಲಂಕಾರ, ಲೆಕ್ಕಾಚಾರದ ವಿನ್ಯಾಸ. ಚೆಂದವೇ. ಇಲ್ಲಿ ಚುಕ್ಕೆಗೆ ಬೆಳಕನ್ನು ಹೇಳುವ ಕೆಲಸ.

ನಮ್ಮ ಮನೆ ತಾರಸಿ ತೋಟವನ್ನು ಹೀಗೆ ಬರೆಯಬಹುದಾ?

ಖಂಡಿತ ಬರೆಯಿರಿ. ಬಿಸಿಲು ನಮ್ಮಲ್ಲಿ ಧಾರಾಳ ಇದೆ. ಅಕ್ರಿಲಿಕ್ ಸಾಕು, ಬೇಗ ಒಣಗುವುದರಿಂದ ಚುಕ್ಕೆ ಒಂದರೊಳಗೊಂದು ಕದಡುವುದಿಲ್ಲ. ತಿಳಿ ಹಳದಿ, ಕಡು ಹಳದಿ, ಕಿತ್ತಳೆ, ಕೆಂಪು, ಮೆಜೆಂಟಾ, ನೇರಳೆ, ಅಲ್ಟ್ರಾಮರೀನ್ ನೀಲಿ, ಆಕಾಶ ನೀಲಿ, ಹಸಿರು, ಬಿಳಿ ಇಟ್ಟುಕೊಳ್ಳಿ. ಕಪ್ಪು ಮತ್ತು ಕಂದು ಡಬ್ಬಿಯಲ್ಲೇ ಇರಲಿ. ಅಕ್ಕಪಕ್ಕದ ಬಣ್ಣಗಳನ್ನು, ಅಂದರೆ ಹಳದಿ-ಕಿತ್ತಳೆ, ನೀಲಿ-ನೇರಳೆ ಥರದವನ್ನು ಕಲಸಬಹುದು. ಬಿಳಿ ಸೇರಿಸಬಹುದು. ಎದುರು ಬದುರು ಬಣ್ಣಗಳನ್ನು, ಅಂದರೆ ಕಿತ್ತಳೆ-ನೀಲಿ, ಹಳದಿ-ನೇರಳೆ ಥರದವನ್ನು ಕಲಸಬೇಡಿ.

ಇಡೀ ತಾರಸಿ ಬೇಡ, ಒಂದು ಮೂಲೆ ಸಾಕು. ದಾಸವಾಳದ ಕುಂಡ, ಅದರ ನೆರಳು, ಸ್ವಲ್ಪ ಗೋಡೆ. ಬೆಳಗ್ಗೆ ಪೆನ್ಸಿಲಿನಲ್ಲಿ ಬಿಡಿಸಿಕೊಂಡು, ಅದರ ಮೇಲೇ "ಇಲ್ಲಿ ನೇರಳೆ", "ಇಲ್ಲಿ ಕೆಂಪು ಪುಟಿದಿದೆ" ಎಂದು ಬರೆದುಕೊಳ್ಳಿ. ಆಮೇಲೆ ಒಳಗೆ ಕೂತು ಬರೆಯಿರಿ. ಬರೀ ಮೊಬೈಲ್ ಫೋಟೋ ನೆಚ್ಚಿಕೊಳ್ಳಬೇಡಿ, ಕ್ಯಾಮೆರಾದಲ್ಲಿ ನೆರಳಿನ ಬಣ್ಣ ಎಷ್ಟೋ ಸಲ ಕಪ್ಪಾಗಿ ಹೋಗಿರುತ್ತದೆ. ಮೊದಲು ತೆಳ್ಳಗೆ ಒಂದು ಬಣ್ಣದ ಕೋಟು ಬಳಿದು, ಅದರ ಮೇಲೆ ಚುಕ್ಕೆ ಇಡಿ. ಇಲ್ಲದಿದ್ದರೆ ಸಂದಿನಲ್ಲೆಲ್ಲ ಬಿಳಿ ಕ್ಯಾನ್ವಾಸ್ ಇಣುಕುತ್ತದೆ.

ಹೆಚ್ಚಿನವರು ಸೋಲುವುದು ಒಂದು ಕಡೆ. ನೆರಳಿನಲ್ಲಿ ಗಾಢ ನೇರಳೆ ಚುಕ್ಕೆ, ಪಕ್ಕದಲ್ಲಿ ತಿಳಿ ಹಳದಿ ಚುಕ್ಕೆ ಇಡುತ್ತಾರೆ. ಅವು ಯಾವತ್ತೂ ಕೂಡುವುದಿಲ್ಲ, ಗೋಡೆಗೆ ಸಿಡುಬು ಎದ್ದಂತೆ ಕಾಣುತ್ತದೆ. ಒಂದು ಜಾಗದ ಚುಕ್ಕೆಗಳ ಬಣ್ಣ ಬೇರೆ ಬೇರೆ ಇರಲಿ, ತಿಳಿ-ಗಾಢ ಮಾತ್ರ ಹತ್ತಿರ ಹತ್ತಿರ ಇರಬೇಕು. ನೇರಳೆಗೆ ಬಿಳಿ ಸೇರಿಸಿ ತಿಳಿ ಮಾಡಿಕೊಳ್ಳಿ. ಕಣ್ಣು ಅರ್ಧ ಮುಚ್ಚಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಚುಕ್ಕೆಗಳನ್ನು ಸಾಲಾಗಿ ಜೋಡಿಸಬೇಡಿ, ಬಟ್ಟೆಯ ಪ್ರಿಂಟಿನಂತಾಗುತ್ತದೆ.

ತಾರಸಿ ಮೇಲೆ ಸಿಂಟೆಕ್ಸ್ ಟ್ಯಾಂಕ್ ಇದೆ. ಕಪ್ಪು ಇಲ್ಲದೆ ಅದನ್ನು ಹೇಗೆ ಬರೆಯೋದು?

ಅಲ್ಟ್ರಾಮರೀನ್, ನೇರಳೆ, ಗಾಢ ಹಸಿರು, ಕಡುಗೆಂಪು ಚುಕ್ಕೆಗಳನ್ನು ದಟ್ಟವಾಗಿ ಇಡಿ. ಬಿಸಿಲು ತಾಗುವ ಬದಿಗೆ ಕಿತ್ತಳೆ, ಆಕಾಶಕ್ಕೆ ಮುಖ ಮಾಡಿದ ಮೇಲ್ಭಾಗಕ್ಕೆ ತಿಳಿ ನೀಲಿ. ಕಪ್ಪು ಟ್ಯಾಂಕಿನಲ್ಲಿ ಇಷ್ಟು ಬಣ್ಣ ಇದೆಯಾ ಎಂದು ನಿಮಗೇ ಆಶ್ಚರ್ಯವಾಗುತ್ತದೆ. ಟ್ಯಾಂಕನ್ನು ಚಿತ್ರದಿಂದ ಬಿಡಬೇಡಿ. ನಮ್ಮ ತಾರಸಿಗಳ ಬಿಸಿಲಿನಲ್ಲಿ ಅದಕ್ಕೂ ಪಾಲಿದೆ.

ಮೊಬೈಲ್ ಆಪ್‌ನಲ್ಲಿ ಒಂದೇ ಒತ್ತಿಗೆ ಫೋಟೋ ಚುಕ್ಕೆಯಾಗುತ್ತೆ. ಅದು ಸಾಲದಾ?

ಸಾಮಾನ್ಯವಾಗಿ ಆಪ್ ಫೋಟೋದಲ್ಲಿರುವ ಬಣ್ಣವನ್ನೇ ಚುಕ್ಕೆ ಮಾಡಿ ಹರಡುತ್ತದೆ. ಬಿಸಿಲು, ಆಕಾಶ, ಪುಟಿದ ಬೆಳಕು ಎಂದು ವಿಂಗಡಿಸಲು ಯಾರಾದರೂ ನಿಂತು ನೋಡಬೇಕು.

ಮೂಲ ಚಿತ್ರಗಳನ್ನು ಎಲ್ಲಿ ನೋಡಬಹುದು?

ಭಾರತದಿಂದ ಹೊರಗೆ ಹೋಗಲೇಬೇಕು. ಡಬ್ಲಿನ್‌ನಲ್ಲಿರುವ ಕನ್ನಡಿಗರಿಗೆ ಸುಲಭ, ಅಲ್ಲಿಯ ನ್ಯಾಷನಲ್ ಗ್ಯಾಲರಿಯ ಶಾಶ್ವತ ಸಂಗ್ರಹಕ್ಕೆ ಟಿಕೆಟ್ ಇಲ್ಲ. ಷಿಕಾಗೋ ಕಡೆ ಇರುವವರು ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ 'ಗ್ರಾಂಡ್ ಜಾಟ್' ನೋಡಿ, ಸುಮಾರು 2 ಮೀಟರ್ ಎತ್ತರ, 3 ಮೀಟರ್ ಅಗಲ. ನೆದರ್‌ಲ್ಯಾಂಡ್ಸ್‌ನಲ್ಲಿ ಒಟ್ಟರ್ಲೋ ಊರಿನ ಕ್ರೋಲರ್-ಮ್ಯೂಲರ್ ಮ್ಯೂಸಿಯಂ, ಪ್ಯಾರಿಸ್‌ನಲ್ಲಿ ಓರ್ಸೆ ಮ್ಯೂಸಿಯಂ. ಸಾಂ ತ್ರೋಪೆಗೇ ಹೋಗುವುದಾದರೆ ಬಂದರಿನ ಪಕ್ಕ ಹಳೆಯ ಪ್ರಾರ್ಥನಾ ಮಂದಿರವೊಂದನ್ನು ಮ್ಯೂಸಿಯಂ ಮಾಡಿದ್ದಾರೆ, ಹೆಸರು ಅನೊನ್ಸಿಯಾದ್. ಸಿನ್ಯಾಕ್, ಕ್ರಾಸ್ ಇಬ್ಬರೂ ಅಲ್ಲಿದ್ದಾರೆ. ಎಲ್ಲಿಗೆ ಹೋದರೂ ಹೊರಡುವ ಮೊದಲು ನಿಮಗೆ ಬೇಕಾದ ಚಿತ್ರ ಆಗ ಗೋಡೆ ಮೇಲಿದೆಯಾ ಎಂದು ಕೇಳಿಕೊಳ್ಳಿ. ಪ್ರದರ್ಶನಕ್ಕೆಂದು ಚಿತ್ರಗಳು ಊರೂರು ತಿರುಗುತ್ತಿರುತ್ತವೆ.